ಗ್ರಂಥಾಲಯದಲ್ಲಿ ಅತಿಥಿ ಕವಿ: ಸಾರ್ವಜನಿಕ ಕಾವ್ಯವಾಚನದ ಪ್ರದರ್ಶನ ಸ್ವರೂಪ

ಹೊರ ಊರುಗಳಿಂದ ಬಂದ ಕವಿಗಳು ನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ ಸಭಿಕರ ಎದುರು ತಮ್ಮ ಕವಿತೆಗಳನ್ನು ಓದುವುದು ಇಂದು ಪರಿಚಿತವಾದ ಸಾಂಸ್ಕೃತಿಕ ಕಾರ್ಯಕ್ರಮವಾಗಿದೆ. ರಾಜ್ಯೋತ್ಸವ, ಪುಸ್ತಕ ಬಿಡುಗಡೆ, ಪ್ರತಿವರ್ಷ ನವೆಂಬರ್ 14ರಿಂದ 20ರವರೆಗೆ ನಡೆಯುವ ಗ್ರಂಥಾಲಯ ಸಪ್ತಾಹ ಮೊದಲಾದ ಸಂದರ್ಭಗಳು ಇದಕ್ಕೆ ನೆಪವಾಗುತ್ತವೆ. ಆದರೆ ಈ ಕಾರ್ಯಕ್ರಮ ಅಧ್ಯಯನದ ವಿಷಯವಾಗಿರುವುದು ಕಡಿಮೆ. ಸಾಹಿತ್ಯ ವಿಮರ್ಶೆಗೆ ಬೇಕಾದುದು ಅಚ್ಚಾದ ಕವಿತೆ. ಗ್ರಂಥಾಲಯ ವಿಜ್ಞಾನಕ್ಕೆ ಬೇಕಾದುದು ವರ್ಗೀಕರಿಸಿ ಕಪಾಟಿನಲ್ಲಿಡಬಹುದಾದ ಗ್ರಂಥ. ಇವೆರಡರ ನಡುವೆ, ಒಂದು ಸಂಜೆಯ ಮಟ್ಟಿಗೆ ಕೇಳಿಬಂದು ಮರೆಯಾಗುವ ಕವಿಯ ದನಿಗೆ ನೆಲೆಯೇ ಇಲ್ಲವಾಗಿದೆ.

ಜಾನಪದ ಅಧ್ಯಯನವು ಕಳೆದ ಅರ್ಧ ಶತಮಾನದಲ್ಲಿ ರೂಪಿಸಿಕೊಂಡಿರುವ ಪ್ರದರ್ಶನ ಸಿದ್ಧಾಂತದ ಬೆಳಕಿನಲ್ಲಿ ಈ ಕಾವ್ಯವಾಚನವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಗ್ರಂಥಾಲಯದಲ್ಲಿ ನಡೆಯುವ ಕಾವ್ಯವಾಚನವು ಪುಸ್ತಕದ ಪ್ರಚಾರ ಮಾತ್ರವಲ್ಲ, ಅದು ಸ್ವತಂತ್ರವಾದ ಒಂದು ಪ್ರದರ್ಶನ. ಆದ್ದರಿಂದ ಪುಸ್ತಕವನ್ನು ಸಂರಕ್ಷಿಸುವ ಗ್ರಂಥಾಲಯವು ವಾಚನವನ್ನೂ ದಾಖಲಿಸಬೇಕಾದ ಹೊಣೆ ಹೊಂದಿದೆ ಎಂಬುದು ಇಲ್ಲಿನ ಪ್ರತಿಪಾದನೆ.

ಓದು ಎಂಬ ಪದದ ಅರ್ಥವ್ಯಾಪ್ತಿ

ಮೊದಲಿಗೆ 'ಓದು' ಎಂಬ ಪದವನ್ನೇ ಗಮನಿಸಬಹುದು. ಇಂದು ಓದುವುದೆಂದರೆ ಒಬ್ಬನೇ ಕುಳಿತು, ಬಾಯಿ ತೆರೆಯದೆ, ಕಣ್ಣಿನಿಂದ ಅಕ್ಷರಗಳನ್ನು ಅನುಸರಿಸುವ ಕ್ರಿಯೆ ಎಂಬ ಗ್ರಹಿಕೆ ಬಲವಾಗಿದೆ. ಆದರೆ ದ್ರಾವಿಡ ಭಾಷೆಗಳಲ್ಲಿ ಈ ಧಾತುವಿಗೆ ದನಿಯೆತ್ತಿ ಹೇಳುವುದು, ಪಠಿಸುವುದು ಎಂಬ ಅರ್ಥವಿದೆ. ತಮಿಳುನಾಡಿನ ಶಿವಾಲಯಗಳಲ್ಲಿ ತೇವಾರಂ ಹಾಡುವವರನ್ನು 'ಓದುವಾರ್' ಎಂದೇ ಕರೆಯುತ್ತಾರೆ. ಕನ್ನಡದ ಜನಬಳಕೆಯಲ್ಲಿಯೂ ಈ ಅರ್ಥ ಪೂರ್ಣವಾಗಿ ಅಳಿದಿಲ್ಲ. ಮದುವೆ ಮನೆಯಲ್ಲಿ 'ಮುಯ್ಯಿ ಓದಿಸುವುದು' ಎಂದರೆ ಕೊಟ್ಟ ಉಡುಗೊರೆಯನ್ನು ಕೊಟ್ಟವರ ಹೆಸರಿನೊಡನೆ ನೆರೆದವರೆಲ್ಲರಿಗೂ ಕೇಳುವಂತೆ ಸಾರುವುದು. 'ಭಾರತ ಓದಿಸುವುದು' ಎಂದರೆ ಬಲ್ಲವರನ್ನು ಕರೆಸಿ, ಊರಿನವರು ಕೂಡಿ ಕೇಳುವುದು. ಮಳೆ ಬಾರದಿದ್ದಾಗ ವಿರಾಟಪರ್ವವನ್ನು ಓದಿಸುವ ಸಂಪ್ರದಾಯ ಕರ್ನಾಟಕದಲ್ಲಿ ಪ್ರಸಿದ್ಧವಾದುದು. ಯುಗಾದಿಯ ದಿನದ ಪಂಚಾಂಗ ಶ್ರವಣದಲ್ಲಿಯೂ ಪುಸ್ತಕ ಒಂದು, ಓದುವ ಬಾಯಿ ಒಂದು, ಕೇಳುವ ಕಿವಿಗಳು ನೂರಾರು.

ಈ ಉದಾಹರಣೆಗಳಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಒಂದು, ಓದುವಿಕೆ ಮೂಲತಃ ಸಾಮುದಾಯಿಕ ಕ್ರಿಯೆ. ಎರಡು, ಅಕ್ಷರ ಬಲ್ಲವರು ಕೆಲವರೇ ಇದ್ದ ಸಮಾಜದಲ್ಲಿಯೂ ಕಾವ್ಯದ ಬಳಕೆ ವ್ಯಾಪಕವಾಗಿತ್ತು. ಕನ್ನಡ ನಾಡಿನ ಜನರು ಶಾಸ್ತ್ರವನ್ನು ಕ್ರಮವಾಗಿ ಕಲಿಯದೆಯೂ ಕಾವ್ಯಪ್ರಯೋಗದಲ್ಲಿ ನುರಿತವರೆಂದು 9ನೆಯ ಶತಮಾನದ 'ಕವಿರಾಜಮಾರ್ಗ' ಹೇಳುವುದನ್ನು ಈ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳಬಹುದು. ಕಿವಿಯಿಂದ ಪಡೆದ ಶಿಕ್ಷಣವಿಲ್ಲದೆ ಅಂತಹ ನುರಿತ ಸಾಧ್ಯವಿಲ್ಲ.

ಪೂರ್ವ ಮಾದರಿಗಳು: ಗಮಕಿ ಮತ್ತು ಅಲೆಮಾರಿ ಗಾಯಕ

ಗ್ರಂಥಾಲಯದ ಕಾವ್ಯವಾಚನಕ್ಕೆ ಕನ್ನಡದಲ್ಲಿ ಎರಡು ಪೂರ್ವ ಮಾದರಿಗಳನ್ನು ಗುರುತಿಸಬಹುದು. ಮೊದಲನೆಯದು ಗಮಕ. ಕವಿ, ಗಮಕಿ, ವಾದಿ, ವಾಗ್ಮಿ ಎಂಬ ನಾಲ್ವರ ವರ್ಗೀಕರಣ ಬಹಳ ಹಳೆಯದು; 9ನೆಯ ಶತಮಾನದ ಜಿನಸೇನನ ಸಂಸ್ಕೃತ 'ಆದಿಪುರಾಣ'ದಲ್ಲಿ ಇದು ಬರುತ್ತದೆ. ಇಂದು ಪ್ರಚಲಿತವಿರುವ ಗಮಕದಲ್ಲಿ ಸಾಮಾನ್ಯವಾಗಿ ಇಬ್ಬರು ಇರುತ್ತಾರೆ. ಒಬ್ಬರು ಕಾವ್ಯವನ್ನು ರಾಗವಾಗಿ, ಆದರೆ ತಾಳದ ಕಟ್ಟಿಗೆ ಸಿಲುಕದಂತೆ, ಪದಚ್ಛೇದ ಸ್ಪಷ್ಟವಾಗುವಂತೆ ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನಿಸುತ್ತಾರೆ. ಕುಮಾರವ್ಯಾಸನ ಭಾಮಿನೀ ಷಟ್ಪದಿ ಹಾಗೂ ಲಕ್ಷ್ಮೀಶನ ವಾರ್ಧಕ ಷಟ್ಪದಿಗಳು ಅಕ್ಷರ ಬಾರದವರ ನಾಲಗೆಯ ಮೇಲೂ ನೆಲೆಸಿದ್ದು ಈ ವಾಚನ ಪರಂಪರೆಯಿಂದ. ಶಿವಮೊಗ್ಗ ಜಿಲ್ಲೆಯ ತುಂಗಾ ತೀರದ ಮತ್ತೂರು-ಹೊಸಹಳ್ಳಿ ಅವಳಿ ಗ್ರಾಮಗಳು ಗಮಕಕ್ಕೆ ಹೆಸರಾದವು. ಹೊಸಹಳ್ಳಿಯ ಗಮಕಿ ಎಚ್. ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ನಿಧನರಾದರು.

ಎರಡನೆಯ ಮಾದರಿ ಅಲೆಮಾರಿ ಗಾಯಕ ಪರಂಪರೆ. ಮಲೆ ಮಾದೇಶ್ವರ ಕಾವ್ಯವನ್ನು ಹಾಡುವ ದೇವರಗುಡ್ಡರು, ಮಂಟೇಸ್ವಾಮಿ ಕಾವ್ಯವನ್ನು ಹಾಡುವ ನೀಲಗಾರರು, ಒಕ್ಕಲುಗಳ ವಂಶಾವಳಿಯನ್ನು ಹೇಳುವ ಹೆಳವರು, ಗೊಂದಲಿಗರು, ಕಿನ್ನರಿ ಜೋಗಿಗಳು ಮೊದಲಾದವರು ಈ ಪರಂಪರೆಗೆ ಸೇರಿದವರು. ಇವರು ಊರಿಗೆ ಬರುವ ಕಾಲ, ಇಳಿದುಕೊಳ್ಳುವ ತಾಣ, ಯಾರ ಮನೆಯಂಗಳದಲ್ಲಿ ಹಾಡಬೇಕು, ಹಾಡಿದ್ದಕ್ಕೆ ಏನು ಸಲ್ಲಬೇಕು ಎಂಬುದೆಲ್ಲ ರೂಢಿಯಿಂದ ನಿಶ್ಚಿತವಾಗಿರುತ್ತದೆ. ಹೆಳವರು ಬಂದು ತಲೆಮಾರುಗಳ ಹೆಸರು ಹೇಳುವಾಗ ಮನೆಯವರು ಕೇಳುವುದು ತಮ್ಮದೇ ಕಥೆಯನ್ನು. ಕಾಗದದಲ್ಲಿ ಬೇರೆಲ್ಲಿಯೂ ಇಲ್ಲದ ಹೆಸರುಗಳು ಆ ದನಿಯಲ್ಲಿ ಮಾತ್ರ ಉಳಿದಿರುತ್ತವೆ. ಈ ದೃಷ್ಟಿಯಿಂದ ಹೆಳವರನ್ನು ನಡೆದಾಡುವ ದಫ್ತರ ಎನ್ನಲು ಅಡ್ಡಿಯಿಲ್ಲ.

ಅತಿಥಿ ಗಾಯಕ, ಅತಿಥಿ ಕವಿ

ಮೇಲ್ನೋಟಕ್ಕೆ ಗ್ರಂಥಾಲಯಕ್ಕೆ ಬರುವ ಆಧುನಿಕ ಕವಿಗೂ ಊರಿಗೆ ಬರುವ ಗಾಯಕನಿಗೂ ಸಂಬಂಧ ಕಾಣದು. ಆದರೆ ಸಂದರ್ಭದ ರಚನೆಯನ್ನು ಬಿಡಿಸಿ ನೋಡಿದಾಗ ಸಾಮ್ಯಗಳು ತೋರುತ್ತವೆ. ಇಬ್ಬರೂ ಹೊರಗಿನಿಂದ ಬಂದವರು. ಇಬ್ಬರನ್ನೂ ಸ್ಥಳೀಯರೊಬ್ಬರು ಸಭೆಗೆ ಪರಿಚಯಿಸಬೇಕು. ಗಾಯಕ ದೇವತಾಸ್ತುತಿಯಿಂದ ತೊಡಗಿದರೆ, ಕವಿ ಊರನ್ನು, ಊರಿನ ಹಿರಿಯ ಕವಿಗಳನ್ನು ನೆನೆದು ತೊಡಗುತ್ತಾನೆ. ಗಾಯಕನಿಗೆ ಪಡಿ, ಬಟ್ಟೆ, ಕಾಣಿಕೆ ಸಂದರೆ, ಕವಿಗೆ ಶಾಲು, ಫಲ, ಸ್ಮರಣಿಕೆ, ಗೌರವಧನ ಸಲ್ಲುತ್ತವೆ. ಪ್ರದರ್ಶನ ಮುಗಿದ ಮೇಲೆ ಇಬ್ಬರೂ ಊರು ಬಿಡುತ್ತಾರೆ. ಅವರು ಹೇಳಿದ್ದು ಊರಿನಲ್ಲಿ ಉಳಿಯುತ್ತದೆ.

ಅಮೆರಿಕದ ಜಾನಪದ ವಿದ್ವಾಂಸ ರಿಚರ್ಡ್ ಬೌಮನ್ 1970ರ ದಶಕದಲ್ಲಿ ಮಂಡಿಸಿದ ವಿಚಾರ ಇಲ್ಲಿ ಉಪಯುಕ್ತ. ಹೇಳುವವನು ತನ್ನ ಕೌಶಲಕ್ಕೆ ಕೇಳುವವರ ಎದುರು ತಾನೇ ಹೊಣೆಯಾಗುವುದು ಪ್ರದರ್ಶನದ ಮುಖ್ಯ ಲಕ್ಷಣವೆಂಬುದು ಅವರ ನಿಲುವು. ಹೊಣೆ ಹೊತ್ತವನನ್ನು ಸಭೆ ಅಳೆಯುತ್ತದೆ. ಮಾತು ಸಾಮಾನ್ಯ ಮಾತಿನಿಂದ ಪ್ರದರ್ಶನದ ಮಾತಿಗೆ ಹೊರಳಿತೆಂಬುದನ್ನು ಸೂಚಿಸುವ ಕೆಲವು ಗುರುತುಗಳೂ ಇರುತ್ತವೆ. ಗಾಯಕ ತಂಬೂರಿಯ ಶ್ರುತಿ ಹಿಡಿಯುವುದು ಅಂತಹ ಗುರುತು. ಕವಿ ಕನ್ನಡಕ ಸರಿಪಡಿಸಿಕೊಂಡು, ಕವಿತೆ ಹುಟ್ಟಿದ ಸಂದರ್ಭವನ್ನು ನಾಲ್ಕು ಮಾತಿನಲ್ಲಿ ಹೇಳಿ, ಕ್ಷಣಕಾಲ ತಡೆದು ಶೀರ್ಷಿಕೆಯನ್ನು ಹೇಳುವುದೂ ಅಂತಹುದೇ ಗುರುತು. ಆ ನಾಲ್ಕು ಮಾತು ಯಾವ ಸಂಕಲನದಲ್ಲಿಯೂ ಅಚ್ಚಾಗುವುದಿಲ್ಲ. ಆದರೆ ಸಭಿಕರು ಕವಿತೆಯನ್ನು ಅರ್ಥೈಸಿಕೊಳ್ಳುವುದು ಬಹುಮಟ್ಟಿಗೆ ಅದರ ಮೂಲಕವೇ.

ಸಾಮ್ಯದಷ್ಟೇ ಭೇದವೂ ಮುಖ್ಯ. ಮಾದೇಶ್ವರನ ಕಥೆ ಕೇಳುಗರಿಗೆ ಮೊದಲೇ ಗೊತ್ತು. ಹಿಮ್ಮೇಳದವರು ಸೊಲ್ಲು ಹಿಡಿದು ಕಥೆಯನ್ನು ಮುನ್ನಡೆಸುತ್ತಾರೆ, ಕೇಳುಗರು ಹೂಂಗುಟ್ಟುತ್ತಾರೆ. ಗೀಗೀ ಮೇಳದಲ್ಲಿ ಹರದೇಶಿ-ನಾಗೇಶಿ ಪಕ್ಷಗಳ ವಾದಕ್ಕೆ ಸಭೆಯೇ ಸಾಕ್ಷಿ. ಗ್ರಂಥಾಲಯದ ಸಭಿಕರಿಗಾದರೋ ಹೊಸ ಕವಿತೆ ಅಪರಿಚಿತ, ಹಿಮ್ಮೇಳವಿಲ್ಲ, ಪಲ್ಲವಿಯಿಲ್ಲ. ಒಮ್ಮೆ ಕಿವಿ ತಪ್ಪಿದ ಸಾಲಿಗೆ ಹಿಂದಿರುಗುವ ದಾರಿಯೂ ಇಲ್ಲ. ಕಣ್ಣಿಗಾಗಿ ಬರೆದ ನವ್ಯ ಮಾದರಿಯ ಕವಿತೆ ವಾಚನದಲ್ಲಿ ಸೊರಗುವುದೂ, ಲಯದ ಬಲವಿರುವ ಕವಿತೆ ಗೆಲ್ಲುವುದೂ ಇದರಿಂದಲೇ. ಇನ್ನೊಮ್ಮೆ ಓದಬೇಕೆಂದು ಸಭಿಕರು ಕೇಳಿಕೊಂಡಾಗ ಕವಿತೆ ಅವರ ಕಿವಿಯಲ್ಲಿ ನೆಲೆಗೊಂಡಿತೆಂದು ತಿಳಿಯಬೇಕು.

ದನಿಯಿಂದ ಪುಸ್ತಕಕ್ಕೆ

ಆಧುನಿಕ ಕನ್ನಡ ಕಾವ್ಯ ಅಚ್ಚಿನ ಮೂಲಕವೇ ಹಬ್ಬಿತೆಂಬ ಭಾವನೆ ಸಾಮಾನ್ಯವಾಗಿದೆ. ವಸ್ತುಸ್ಥಿತಿ ಇದಕ್ಕಿಂತ ಭಿನ್ನ. 1929ರಲ್ಲಿ ಬೆಳಗಾವಿಯಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಧಾರವಾಡದಿಂದ ಬಂದಿದ್ದ ದ. ರಾ. ಬೇಂದ್ರೆಯವರು ಕಾಲವನ್ನು ಹಾರುವ ಹಕ್ಕಿಯ ರೂಪದಲ್ಲಿ ಕಂಡ ತಮ್ಮ ಕವಿತೆಯನ್ನು ಅಲ್ಲಿ ವಾಚಿಸಿದರು. ಆ ವಾಚನ ಸಭೆಯನ್ನು ಸೆರೆಹಿಡಿದುದು ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಮತ್ತೆ ಮತ್ತೆ ನೆನೆಯಲಾಗುವ ಪ್ರಸಂಗ. ಆ ಕವಿತೆಯನ್ನು ಒಳಗೊಂಡ 'ಗರಿ' ಸಂಕಲನ ಹೊರಬಂದುದು 1932ರಲ್ಲಿ. ಅಂದರೆ ಕವಿತೆ ಸಂಕಲನವಾಗಿ ಕಪಾಟು ಸೇರುವುದಕ್ಕೆ ಮೂರು ವರ್ಷ ಮೊದಲೇ ನಾಡಿನ ವಿವಿಧ ಭಾಗಗಳಿಂದ ಬಂದವರ ಕಿವಿ ಸೇರಿತ್ತು. ಬೇಂದ್ರೆಯವರ ಕಾವ್ಯದಲ್ಲಿ ಧಾರವಾಡದ ಆಡುಮಾತು, ಲಾವಣಿ, ತತ್ವಪದಗಳ ಧಾಟಿಗಳು ಬೆರೆತಿರುವುದರಿಂದ ದನಿ ಅದಕ್ಕೆ ಅಲಂಕಾರವಲ್ಲ, ಆಧಾರ.

ಚಂದ್ರಶೇಖರ ಕಂಬಾರರ 1964ರ ಕೃತಿಯ ಹೆಸರೇ 'ಹೇಳತೇನ ಕೇಳ'. ಓದುಗನನ್ನಲ್ಲದೆ ಕೇಳುಗನನ್ನು ಸಂಬೋಧಿಸುವ ಈ ಶೀರ್ಷಿಕೆಯ ಹಿಂದೆ ಉತ್ತರ ಕರ್ನಾಟಕದ ಹಾಡುಗಬ್ಬದ ಪರಂಪರೆಯಿದೆ. ಸಭೆಗಳಲ್ಲಿ ಕಂಬಾರರು ತಮ್ಮ ಕವಿತೆಗಳನ್ನು ಹಾಡಿ ಒಪ್ಪಿಸುವುದು ಪ್ರಸಿದ್ಧವೇ ಆಗಿದೆ. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಪ್ರಕಟವಾಯಿತು. ಅಲ್ಲಿನ ಕವಿತೆಗಳು ದಲಿತ ಚಳವಳಿಯ ಸಭೆ, ಮೆರವಣಿಗೆಗಳಲ್ಲಿ ಹಾಡಾಗಿ, ಪುಸ್ತಕ ತಲುಪದ ಕೇರಿಗಳನ್ನೂ ತಲುಪಿದವು. ಈ ಮೂರೂ ಉದಾಹರಣೆಗಳಲ್ಲಿ ಪುಸ್ತಕ ಮಾತ್ರ ನೋಡುವ ಸಂಶೋಧಕನಿಗೆ ಕಾವ್ಯದ ಪ್ರಸರಣದ ಅರ್ಧ ಚರಿತ್ರೆ ಕಾಣುವುದಿಲ್ಲ.

ಗ್ರಂಥಾಲಯವೆಂಬ ಆವರಣ

ದೇವಾಲಯದ ಜಗಲಿ, ಊರ ಚಾವಡಿ, ಸಮ್ಮೇಳನದ ಚಪ್ಪರ, ಚಳವಳಿಯ ಬೀದಿ ಇವುಗಳ ಸಾಲಿಗೆ ಗ್ರಂಥಾಲಯ ಸೇರಿದುದು ತಡವಾಗಿ. ಬೆಂಗಳೂರಿನ ಕಬ್ಬನ್ ಉದ್ಯಾನದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಸಾರ್ವಜನಿಕ ಗ್ರಂಥಾಲಯ 20ನೆಯ ಶತಮಾನದ ಎರಡನೆಯ ದಶಕದ್ದು. ಕನ್ನಡ ಸಾಹಿತ್ಯ ಪರಿಷತ್ತು ಸ್ಥಾಪನೆಯಾದುದೂ 1915ರಲ್ಲಿ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಅಧಿನಿಯಮ 1965ರದು. ರಾಜ್ಯ, ನಗರ ಮತ್ತು ಜಿಲ್ಲಾ ಕೇಂದ್ರ ಗ್ರಂಥಾಲಯಗಳ ವ್ಯವಸ್ಥೆಗೆ ಇದು ತಳಹದಿ. ಗ್ರಂಥಾಲಯ ಕರದ ಮೂಲಕ ನಾಗರಿಕರೇ ಇದರ ವೆಚ್ಚದ ಪಾಲು ಭರಿಸುತ್ತಾರೆ.

ಈ ಕಾನೂನಿನ ಸಾಂಸ್ಕೃತಿಕ ಮಹತ್ವವನ್ನು ಕಾವ್ಯವಾಚನದ ಸಂದರ್ಭದಲ್ಲಿ ವಿಶೇಷವಾಗಿ ಗಮನಿಸಬೇಕು. ಹಿಂದಿನ ಆವರಣಗಳಲ್ಲಿ ಕೇಳುಗರು ಯಾರೆಂಬುದನ್ನು ಜಾತಿ, ಒಕ್ಕಲು, ಲಿಂಗಭೇದಗಳು ಬಹುಮಟ್ಟಿಗೆ ನಿರ್ಧರಿಸುತ್ತಿದ್ದವು. ದೇವಾಲಯದ ಒಳಾಂಗಣದ ಕಾವ್ಯವಾಚನ ಎಲ್ಲರ ಕಿವಿಗೂ ತೆರೆದಿರಲಿಲ್ಲ. ಸಾರ್ವಜನಿಕ ಗ್ರಂಥಾಲಯವು ತತ್ವಶಃ ಎಲ್ಲರದು. ಪತ್ರಿಕೆ ಓದಲು ಬಂದ ನಿವೃತ್ತರು, ಸ್ಪರ್ಧಾತ್ಮಕ ಪರೀಕ್ಷೆಗೆ ಸಿದ್ಧರಾಗುವ ಯುವಜನರು, ಮಕ್ಕಳ ವಿಭಾಗಕ್ಕೆ ಮಗುವನ್ನು ಕರೆತಂದ ತಾಯಿ, ಇವರೆಲ್ಲ ಆಹ್ವಾನಪತ್ರವಿಲ್ಲದೆಯೇ ಅತಿಥಿ ಕವಿಯ ಸಭಿಕರಾಗಬಲ್ಲರು. ಸಾಹಿತ್ಯಾಸಕ್ತರಷ್ಟೇ ಸೇರುವ ಗೋಷ್ಠಿಗೂ ಇದಕ್ಕೂ ಇರುವ ವ್ಯತ್ಯಾಸ ಇದು.

ಆದರೆ ಈ ಆವರಣದಲ್ಲೊಂದು ವಿರೋಧಾಭಾಸವಿದೆ. ಗ್ರಂಥಾಲಯದ ಮೊದಲ ನಿಯಮ ಮೌನ. ಓದು ಕಿವಿಯಿಂದ ಕಣ್ಣಿಗೆ ಸ್ಥಳಾಂತರಗೊಂಡುದರ ಕುರುಹು ಆ ಫಲಕ. ಕವಿ ಬಂದ ದಿನ ವಾಚನಾಲಯ ತನ್ನ ನಿಯಮವನ್ನು ತಾನೇ ಸಡಿಲಿಸಿ, 'ವಾಚನ' ಎಂಬ ತನ್ನ ಹೆಸರಿನ ಮೂಲಾರ್ಥಕ್ಕೆ ಮರಳುತ್ತದೆ. ಭಾರತೀಯ ಗ್ರಂಥಾಲಯ ವಿಜ್ಞಾನದ ಆಚಾರ್ಯ ಎಸ್. ಆರ್. ರಂಗನಾಥನ್ ತಮ್ಮ ಐದು ಸೂತ್ರಗಳನ್ನು 1931ರಲ್ಲಿ ಪ್ರಕಟಿಸಿದರು. ಅವರು ಬೆಂಗಳೂರಿನಲ್ಲಿ ನೆಲೆಸಿ 1962ರಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. ಪುಸ್ತಕವಿರುವುದು ಬಳಕೆಗಾಗಿ ಎಂಬ ಅವರ ಮೂಲ ನಿಲುವನ್ನು ವಿಸ್ತರಿಸಿದರೆ, ಓದಿ ಹೇಳುವುದೂ ಪುಸ್ತಕದ ಬಳಕೆಯೇ ಆಗುತ್ತದೆ. ಅಕ್ಷರ ಬಾರದವರಿಗೂ ದೃಷ್ಟಿ ಕುಂದಿದವರಿಗೂ ಗ್ರಂಥಾಲಯದ ಬಾಗಿಲು ತೆರೆಯುವುದು ದನಿಯ ಮೂಲಕವೇ.

ಎರಡು ಭಾಷೆಗಳ ವಾಚನ

ಅತಿಥಿ ಕವಿ ಬೇರೆ ಭಾಷೆಯವನಾಗಿದ್ದಾಗ ವಾಚನದ ಸ್ವರೂಪ ಇನ್ನಷ್ಟು ಕುತೂಹಲಕರವಾಗುತ್ತದೆ. ಕವಿ ಮೂಲವನ್ನು ಓದುತ್ತಾನೆ. ಸ್ಥಳೀಯರೊಬ್ಬರು ಅನುವಾದವನ್ನು ಓದುತ್ತಾರೆ. ಮೊದಲ ಓದಿನಲ್ಲಿ ಸಭಿಕರಿಗೆ ದೊರೆಯುವುದು ನಾದ, ಏರಿಳಿತ, ಉಸಿರಿನ ಅಳತೆ, ಮುಖಭಾವ. ಎರಡನೆಯ ಓದಿನಲ್ಲಿ ದೊರೆಯುವುದು ಅರ್ಥ. ಇದನ್ನು ಹೊಸ ಪದ್ಧತಿಯೆಂದು ಭಾವಿಸಬೇಕಿಲ್ಲ. ಹಳಗನ್ನಡ ಅಥವಾ ನಡುಗನ್ನಡದ ಪದ್ಯವನ್ನು ಗಮಕಿ ವಾಚಿಸಿದಾಗ ಕೇಳುಗರಿಗೆ ಮೊದಲು ಮುಟ್ಟುವುದು ನಾದವೇ. ಬಳಿಕ ವ್ಯಾಖ್ಯಾನಕಾರ ಅರ್ಥವನ್ನು ತೆರೆದಿಡುತ್ತಾನೆ. ವಾಚನ ಮತ್ತು ವ್ಯಾಖ್ಯಾನದ ಈ ಜೋಡಣೆ ಅನುವಾದಿತ ಕಾವ್ಯಕ್ಕೆ ಸಿದ್ಧ ಮಾದರಿಯನ್ನು ಒದಗಿಸುತ್ತದೆ. ಅನುವಾದವನ್ನು ಯಾಂತ್ರಿಕವಾಗಿ ಓದಿ ಮುಗಿಸುವ ಬದಲು, ಗಮಕದ ಕ್ರಮದಲ್ಲಿ ಖಂಡ ಖಂಡವಾಗಿ ಮೂಲ ಹಾಗೂ ಅರ್ಥಗಳನ್ನು ಹೆಣೆದರೆ ಪರಭಾಷೆಯ ಕವಿತೆ ಕನ್ನಡದ ಕಿವಿಗೆ ಹತ್ತಿರವಾಗಬಲ್ಲದು.

ದಾಖಲಾತಿಯ ಪ್ರಶ್ನೆ

1954ರ ಕೇಂದ್ರ ಕಾನೂನಿನ ಪ್ರಕಾರ ಭಾರತದಲ್ಲಿ ಪ್ರಕಟವಾದ ಪ್ರತಿ ಪುಸ್ತಕದ ಪ್ರತಿಯನ್ನು ಪ್ರಕಾಶಕರು 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಹಾಗೂ ನಿಗದಿತ ಇತರ ಸಾರ್ವಜನಿಕ ಗ್ರಂಥಾಲಯಗಳಿಗೆ ಸಲ್ಲಿಸಬೇಕು. ಹೀಗೆ ಒಂದು ಸಾಧಾರಣ ಸಂಕಲನಕ್ಕೂ ಕಾನೂನಿನ ರಕ್ಷೆಯಿದೆ. ಅದೇ ಸಂಕಲನದ ಕವಿ ಗ್ರಂಥಾಲಯಕ್ಕೆ ಬಂದು ಓದಿದ್ದಕ್ಕೆ ಅಂತಹ ರಕ್ಷೆಯಿಲ್ಲ. ಆಹ್ವಾನಪತ್ರ, ಒಂದೆರಡು ಛಾಯಾಚಿತ್ರ, ಪತ್ರಿಕಾ ವರದಿಯ ತುಣುಕು ಇವಿಷ್ಟರಲ್ಲಿ ಕಾರ್ಯಕ್ರಮ ಮುಗಿಯುವುದುಂಟು. ಕವಿ ತೀರಿಕೊಂಡ ಬಳಿಕ ಪುಸ್ತಕ ಮರುಮುದ್ರಣವಾಗಬಹುದು, ದನಿಗೆ ಮರುಮುದ್ರಣವಿಲ್ಲ.

ಅನ್ಯದೇಶದ ಒಂದು ಉದಾಹರಣೆ ಇಲ್ಲಿ ಪ್ರಸ್ತುತ. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ 1928ರಲ್ಲಿ ಜನಪದ ಗೀತೆಗಳ ಸಂಗ್ರಹಾಗಾರವನ್ನು ಆರಂಭಿಸಿತು. 1943ರಲ್ಲಿ, ಕವಿ ಅಲೆನ್ ಟೇಟ್ ಅಲ್ಲಿನ ಕಾವ್ಯ ಸಲಹೆಗಾರರಾಗಿದ್ದಾಗ, ಕವಿಗಳ ವಾಚನವನ್ನು ಧ್ವನಿಮುದ್ರಿಸುವ ಸಂಗ್ರಹಾಗಾರವೂ ಸೇರಿಕೊಂಡಿತು. ಹೆಸರಿಲ್ಲದ ಹಾಡುಗಾರ ಹಾಗೂ ಹೆಸರಾಂತ ಕವಿ ಇಬ್ಬರ ದನಿಗೂ ಒಂದೇ ಗ್ರಂಥಾಲಯದಲ್ಲಿ ಸ್ಥಾನ ದೊರೆತುದು ಗಮನಾರ್ಹ. ಈ ಸಂಸ್ಥೆಯ ನವದೆಹಲಿ ಕಚೇರಿ 2000ದಲ್ಲಿ ಆರಂಭಿಸಿದ ದಕ್ಷಿಣ ಏಷ್ಯಾ ಸಾಹಿತ್ಯ ಧ್ವನಿಮುದ್ರಣ ಯೋಜನೆಯಲ್ಲಿ ಕನ್ನಡ ಲೇಖಕರ ವಾಚನಗಳೂ ಸೇರಿವೆ. ಕನ್ನಡ ಲೇಖಕರ ದನಿಯನ್ನು ದೂರದ ದೇಶದ ಗ್ರಂಥಾಲಯ ಕಾಪಿಡುವಾಗ, ಅವರು ಬಂದುಹೋದ ಇಲ್ಲಿಯ ಗ್ರಂಥಾಲಯಗಳಿಗೆ ಆ ಕೆಲಸ ಅಸಾಧ್ಯವೆನ್ನಲಾಗದು.

ದಾಖಲಿಸುವ ವಿಧಾನಕ್ಕೆ ಕರಾವಳಿಯ ಅನುಭವ ಮಾರ್ಗದರ್ಶಕವಾಗಿದೆ. ಫಿನ್ಲೆಂಡಿನ ಲೌರಿ ಹಾಂಕೊ ಅವರು ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರೊಡನೆ ತುಳುವಿನ ಸಿರಿ ಮಹಾಕಾವ್ಯವನ್ನು ಗೋಪಾಲ ನಾಯ್ಕರ ಬಾಯಿಂದ 1990ರ ಡಿಸೆಂಬರಿನಲ್ಲಿ ದಾಖಲಿಸಿದರು. 15,683 ಸಾಲುಗಳ ಆ ಪಠ್ಯ 1998ರಲ್ಲಿ ಪ್ರಕಟವಾಯಿತು. ಗಾಯಕನ ಮನಸ್ಸಿನಲ್ಲಿರುವ ಪಠ್ಯ ಒಂದು, ಸಂದರ್ಭಕ್ಕೆ ತಕ್ಕಂತೆ ಹೊರಹೊಮ್ಮುವ ಪಠ್ಯ ಇನ್ನೊಂದು ಎಂಬ ಹಾಂಕೊ ಅವರ ವಿವೇಚನೆ ಆಧುನಿಕ ಕವಿಗೂ ಅನ್ವಯಿಸುತ್ತದೆ. ಸಭೆಯ ಮುಖ ನೋಡಿ ಕವಿ ಸಾಲು ಬಿಡುತ್ತಾನೆ, ಪದ ಬದಲಿಸುತ್ತಾನೆ, ಕವಿತೆಗಳ ಅನುಕ್ರಮ ಮಾರ್ಪಡಿಸುತ್ತಾನೆ. ಇವೆಲ್ಲ ಪಾಠಾಂತರಗಳೇ.

ಆದ್ದರಿಂದ ಧ್ವನಿಮುದ್ರಣವೊಂದೇ ಸಾಲದು. ಓದಿದ ಕವಿತೆಗಳ ಅನುಕ್ರಮ, ಅಚ್ಚಿನ ಪಾಠದಿಂದ ಆದ ವ್ಯತ್ಯಾಸ, ಕವಿತೆಗಳ ನಡುವೆ ಆಡಿದ ಮಾತು, ಸಭಿಕರ ಸಂಖ್ಯೆ ಮತ್ತು ಸ್ವರೂಪ, ಪುನಃ ಓದಿಸಿದ ಕವಿತೆ, ಕೇಳಿದ ಪ್ರಶ್ನೆ, ಅನುವಾದಕರ ಹೆಸರು, ದಿನಾಂಕ, ಸ್ಥಳ, ಅವಧಿ ಇವುಗಳ ಟಿಪ್ಪಣಿ ಜೊತೆಗಿರಬೇಕು. ಕ್ಷೇತ್ರಕಾರ್ಯದಲ್ಲಿ ಜಾನಪದ ಸಂಶೋಧಕರು ಅನುಸರಿಸುವ ಈ ಕ್ರಮಕ್ಕೆ ದೊಡ್ಡ ಹಣವಾಗಲಿ ಯಂತ್ರವಾಗಲಿ ಬೇಡ. ಒಂದು ವಹಿ, ಒಂದು ಧ್ವನಿಮುದ್ರಕ, ತರಬೇತಾದ ಒಬ್ಬ ಸಿಬ್ಬಂದಿ ಸಾಕು. ಗ್ರಂಥಸೂಚಿಯಲ್ಲಿ ಕವಿಯ ಪುಸ್ತಕದ ನಮೂದಿನ ಕೆಳಗೆಯೇ ಧ್ವನಿಮುದ್ರಣದ ನಮೂದೂ ಬಂದರೆ ಸಂಶೋಧಕರಿಗೆ ಎರಡೂ ಒಟ್ಟಿಗೆ ದೊರೆಯುತ್ತವೆ.

ಹಕ್ಕಿನ ಅಂಶವನ್ನೂ ಮರೆಯುವಂತಿಲ್ಲ. 1957ರ ಕೃತಿಸ್ವಾಮ್ಯ ಅಧಿನಿಯಮಕ್ಕೆ 1994ರಲ್ಲಿ ಆದ ತಿದ್ದುಪಡಿಯಿಂದ ಪ್ರದರ್ಶನಕಾರರ ಹಕ್ಕು ಸೇರಿತು. ತನ್ನ ಕವಿತೆ ಓದುವ ಕವಿಗೆ ಕರ್ತೃವಿನ ಹಕ್ಕೂ ಪ್ರದರ್ಶನಕಾರನ ಹಕ್ಕೂ ಇರುತ್ತವೆ. ಪರಂಪರೆಯ ಕಾವ್ಯ ಹಾಡುವ ನೀಲಗಾರನಿಗೆ ಕರ್ತೃವಿನ ಹಕ್ಕು ದೊರೆಯುವುದು ಕಷ್ಟ. ಅವನ ಪಾಲಿಗಿರುವುದು ಎರಡನೆಯದು ಮಾತ್ರ. ಹೀಗಾಗಿ ಮುದ್ರಣಕ್ಕೆ ಮೊದಲು ಲಿಖಿತ ಒಪ್ಪಿಗೆ, ಬಳಕೆಯ ಮಿತಿ, ಪ್ರತಿಯೊಂದನ್ನು ಪ್ರದರ್ಶನಕಾರರಿಗೆ ನೀಡುವುದು, ಇವು ಕವಿಗೂ ಜನಪದ ಗಾಯಕನಿಗೂ ಸಮಾನವಾಗಿ ಸಲ್ಲಬೇಕು.

ಉಪಸಂಹಾರ

ಒಟ್ಟಾರೆಯಾಗಿ, ನಗರದ ಗ್ರಂಥಾಲಯದಲ್ಲಿ ನಡೆಯುವ ಅತಿಥಿ ಕವಿಗಳ ವಾಚನವು ಗಮಕ ಹಾಗೂ ಅಲೆಮಾರಿ ಗಾಯನ ಪರಂಪರೆಗಳ ಲಕ್ಷಣಗಳನ್ನು ಹೊಸ ಆವರಣದಲ್ಲಿ ಮುಂದುವರಿಸಿದೆ. ಕೇಳುಗರ ಆಯ್ಕೆಯಲ್ಲಿ ಅದು ಹಳೆಯ ಆವರಣಗಳಿಗಿಂತ ಮುಕ್ತವಾಗಿದೆ. ಕೇಳುಗರ ಪಾಲ್ಗೊಳ್ಳುವಿಕೆಯಲ್ಲಿ ಅವುಗಳಿಗಿಂತ ಬಡವಾಗಿದೆ. ಈ ಕೊರತೆ ತುಂಬಲು ಸ್ಥಳೀಯ ಗಮಕಿಗಳನ್ನೂ ಜನಪದ ಗಾಯಕರನ್ನೂ ಅದೇ ವೇದಿಕೆಗೆ ಕರೆಯುವುದು ಉಚಿತ ಮಾರ್ಗ. ಕವಿತೆಗಾಗಿ ಬಂದವರು ಹೆಳವರ ದನಿಯನ್ನೂ, ಹೆಳವರಿಗಾಗಿ ಬಂದವರು ಕವಿತೆಯನ್ನೂ ಕೇಳುವಂತಾಗಬೇಕು. ಹಾಗೆ ಕೇಳಿದ್ದೆಲ್ಲ ದಿನಾಂಕ ಸಮೇತ ಗ್ರಂಥಸೂಚಿಗೆ ಸೇರಿದಾಗ, ಮುಂದಿನ ತಲೆಮಾರಿನ ಸಂಶೋಧಕರಿಗೆ ಕನ್ನಡ ಕಾವ್ಯ ಹೇಗೆ ಬರೆಯಲ್ಪಟ್ಟಿತೆಂಬುದರ ಜೊತೆಗೆ ಹೇಗೆ ಕೇಳಿಬಂದಿತೆಂಬುದೂ ತಿಳಿಯುತ್ತದೆ.